ಮಾಳಿಗೆಯ ಸಂದಿಗೆ ಬಣ್ಣ ಬಳಿಯುವವರಿಗೆ

ಜೂನ್ ತಿಂಗಳ ಮಿರಗದ ಮಳೆ ಹತ್ತಿರ ಬಂತೆಂದರೆ ನಮ್ಮ ಓಣಿಯ ಮಾಳಿಗೆಗಳ ಮೇಲೆ ಹುಡುಗರು ಕಾಣಿಸಿಕೊಳ್ಳುತ್ತಾರೆ. ಒಂದು ಕೈಯಲ್ಲಿ ಬಿಳಿ ಬಣ್ಣದ ಡಬ್ಬಿ, ಇನ್ನೊಂದು ಕೈಯಲ್ಲಿ ಮೊಬೈಲ್. ಮಾಳಿಗೆಗೆ ಹಾಸಿದ ಫರಸಿ ಕಲ್ಲಿನ ಮೇಲಿನ ಧೂಳನ್ನು ಗುಡಿಸುವ ಪುರುಸೊತ್ತೂ ಇಲ್ಲದೆ ಬಣ್ಣ ಬಳಿದು, ಸಂಜೆಗೆ ಕೈ ತೊಳೆದುಕೊಂಡು, ಈ ವರ್ಷ ಹನಿ ಸೋರುವುದಿಲ್ಲ ಎಂದು ಮನೆಯವರಿಗೆಲ್ಲ ಭರವಸೆ ಕೊಡುತ್ತಾರೆ. ಶ್ರಾವಣ ಬರುವಷ್ಟರಲ್ಲಿ ಆ ಬಣ್ಣ ಕಾದ ಎಣ್ಣೆಗೆ ಬಿದ್ದ ಹಪ್ಪಳದ ಹಾಗೆ ಉಬ್ಬಿ ಎದ್ದಿರುತ್ತದೆ, ಕೆಳಗೆ ಅಡುಗೆಮನೆಯಲ್ಲಿ ಬೋಗುಣಿಗಳು ಸಾಲಾಗಿ ಕುಳಿತಿರುತ್ತವೆ. ಮುಂದಿನ ವರ್ಷ ಮತ್ತೊಂದು ಡಬ್ಬಿ. ನೋಡಿ ನೋಡಿ ಸಾಕಾಗಿದೆ.

ಮನೆಯ ದುರಸ್ತಿಯನ್ನು ನೀವೇ ಮಾಡಿಕೊಳ್ಳುವುದಕ್ಕೆ ನನ್ನ ತಕರಾರಿಲ್ಲ. ಈಗ ಗೌಂಡಿಗಳು ಚಿಲ್ಲರೆ ಕೆಲಸಕ್ಕೆ ಬರುವುದಿಲ್ಲ, ಬಂದವರಿಗೂ ಸಿಮೆಂಟ್ ಬಿಟ್ಟರೆ ಬೇರೆ ಕೆಲಸ ಬೇಡ. ಆದರೆ ಕೈ ಹಚ್ಚುವ ಮೊದಲು ನಿಮ್ಮ ಮನೆ ಯಾವುದರಿಂದ ಕಟ್ಟಿದ್ದು ಎಂಬುದಾದರೂ ಗೊತ್ತಿರಬೇಕಲ್ಲ? ಕಲಬುರಗಿಯ ಹಳೆಯ ಮನೆಗಳಲ್ಲಿ ಕಾಲ ಕೆಳಗೂ ಶಹಾಬಾದಿನ ಫರಸಿ, ತಲೆಯ ಮೇಲೂ ಅದೇ. ಅದು ಸುಣ್ಣದ ಕಲ್ಲು. ಮೇ ತಿಂಗಳ 42, 43 ಡಿಗ್ರಿ ಬಿಸಿಲಿಗೆ ಹಗಲೆಲ್ಲ ಹಿಗ್ಗುತ್ತದೆ, ರಾತ್ರಿ ತಂಪಾದಾಗ ಕುಗ್ಗುತ್ತದೆ. ಕಣ್ಣಿಗೆ ಕಾಣಿಸದಷ್ಟೇ ಇರಬಹುದು, ಆದರೆ ದಿನವೂ ನಡೆಯುತ್ತದೆ. ಎರಡು ಕಲ್ಲಿನ ನಡುವೆ ಬಿಗಿ ಸಿಮೆಂಟ್ ತುಂಬಿದರೆ ಅದು ಬಾಗುವುದನ್ನು ಅರಿಯದು, ಕಲ್ಲಿನ ಅಂಚಿನಿಂದ ಬಿಟ್ಟುಕೊಳ್ಳುತ್ತದೆ. ಕೂದಲೆಳೆಯಷ್ಟು ಬಿರುಕು ಸಾಕು, ನೀರಿಗೆ ದಾರಿ ಸಿಕ್ಕಿತು. ಸುಣ್ಣದ ಗಚ್ಚು, ಅಂದರೆ ಸುಣ್ಣದ ಗಾರೆ, ಮೆತ್ತನೆಯದು, ಕಲ್ಲಿನ ಜೊತೆ ಒಂದಿಷ್ಟು ಹೊಂದಿಕೊಂಡು ಹೋಗುತ್ತದೆ. ಸಣ್ಣ ಬಿರುಕು ಬಿಟ್ಟರೂ ಮಳೆನೀರಿನಲ್ಲಿ ಕರಗಿದ ಸುಣ್ಣವೇ ಅದರಲ್ಲಿ ಇಳಿದು ಗಟ್ಟಿಯಾಗಿ ಮುಚ್ಚಿಕೊಳ್ಳುವುದುಂಟು.

ಗಚ್ಚು ಎಂದರೆ ಮೂಗು ಮುರಿಯುವವರು ಒಮ್ಮೆ ನಮ್ಮ ಕೋಟೆಯೊಳಗೆ ಹೋಗಿ ಜಾಮಾ ಮಸೀದಿಯನ್ನು ನೋಡಿ ಬರಲಿ. 1367ರದು. ನಡುವೆ ಬಯಲು ಅಂಗಳವೇ ಇಲ್ಲದೆ ಪೂರ್ತಿ ಗುಮ್ಮಟ ಕಮಾನುಗಳಿಂದ ಮುಚ್ಚಿದ ಕಟ್ಟಡ. ಆಗ ಸಿಮೆಂಟ್ ಚೀಲ ಎಲ್ಲಿತ್ತು?

ಮೊದಲ ಕೆಲಸ ಸೋರುವ ಜಾಗವನ್ನು ಹುಡುಕುವುದು. ಎಲ್ಲರೂ ಎಡವುವುದು ಇಲ್ಲಿಯೇ. ಕೆಳಗೆ ಹನಿ ಬೀಳುವ ಜಾಗದ ನೇರಕ್ಕೆ ಮೇಲೆ ಹೋಗಿ ಬಳಿದು ಬರುತ್ತಾರೆ. ನೀರು ಒಂದು ಕಡೆ ಇಳಿದು, ಕಲ್ಲಿನ ಅಡಿಗೋ ತೊಲೆಯ ಗುಂಟವೋ ಹರಿದು, ಎಲ್ಲೋ ಹನಿಯುತ್ತದೆ. ಒಬ್ಬರು ಕೆಳಗೆ ನಿಲ್ಲಿ, ಇನ್ನೊಬ್ಬರು ಮಾಳಿಗೆಯ ಇಳಿಜಾರಿನ ತಗ್ಗಿನ ಕಡೆಯಿಂದ ಶುರುಮಾಡಿ ಒಂದೊಂದೇ ಸಂದಿಗೆ ತಂಬಿಗೆಯಲ್ಲಿ ನೀರು ಹಾಕುತ್ತ ಏರಿನ ಕಡೆಗೆ ಬನ್ನಿ. ಏರಿನಿಂದ ಶುರುಮಾಡಿದರೆ ನೀರು ಹರಿದು ಎಲ್ಲ ಸಂದುಗಳನ್ನೂ ತೋಯಿಸಿ ಏನೂ ತಿಳಿಯುವುದಿಲ್ಲ. ಒಂದು ಸಂದಿಗೆ ಹಾಕಿ ಸ್ವಲ್ಪ ಹೊತ್ತು ಕಾಯಿರಿ. ಕೆಳಗಿನವರು ಒದ್ದೆ ಕಂಡರೆ ಕೂಗಬೇಕು, ಮೇಲಿನವರು ಇದ್ದಿಲಿನಿಂದ ಗುರುತು ಹಾಕಬೇಕು. ನನ್ನ ಮೊಮ್ಮಗ ಇದನ್ನೂ ಅವಸರದಲ್ಲಿ ಮಾಡಲು ಹೋಗಿ ಪೈಪು ಹಿಡಿದು ಇಡೀ ಮಾಳಿಗೆಯನ್ನು ತೊಯ್ಯಿಸಿ, "ಆಯಿ, ಎಲ್ಲ ಕಡೆಯೂ ಸೋರುತ್ತಿದೆ" ಎಂದ. "ಸೋರದೆ ಏನು ಮಾಡೀತು ಅಪ್ಪಾ, ಕೆರೆಯನ್ನೇ ತಂದು ನಿಲ್ಲಿಸಿದ್ದೀಯಲ್ಲ" ಎಂದೆ. ಹಾಗೆಯೇ ಮಳೆನೀರು ಹೊರಬೀಳುವ ಕೊಳವೆಯ ಬಾಯಿಯನ್ನೂ ನೋಡಿ. ಅರ್ಧ ಮನೆಗಳಲ್ಲಿ ಸೋರಿಕೆಗೆ ಕಾರಣ ಸಂದಲ್ಲ, ಬೇವಿನೆಲೆ ಮತ್ತು ಪಾರಿವಾಳದ ಗೂಡು.

ಗುರುತು ಸಿಕ್ಕ ಮೇಲೆ ಸಂದನ್ನು ಕೆದರಬೇಕು. ಮೇಲೆ ಸವರುವುದಲ್ಲ, ಕೆದರುವುದು. ಸಣ್ಣ ಉಳಿ, ಹಗುರ ಸುತ್ತಿಗೆ, ಓರೆ ಏಟು. ಸಂದಿನ ಅಗಲಕ್ಕಿಂತ ಎರಡು ಪಟ್ಟು ಆಳ ಹೋಗಬೇಕು, ಹಳೆಯ ಸಿಮೆಂಟು, ಪಾಚಿ, ಹುಲ್ಲಿನ ಬೇರು ಎಲ್ಲ ಹೊರಗೆ ಬರಬೇಕು. ಬೇರು ಉಳಿದರೆ ಮಳೆಗೆ ಮತ್ತೆ ಚಿಗುರಿ ನಿಮ್ಮ ಕೆಲಸವನ್ನೇ ಎತ್ತಿ ಹಾಕುತ್ತದೆ. ಹಾಗೆಂದು ಆ ಕಂಪಿಸುವ ಡ್ರಿಲ್ ಯಂತ್ರವನ್ನು ತರಬೇಡಿ. ಫರಸಿ ಪದರ ಪದರವಾದ ಕಲ್ಲು, ಅಂಚು ಸೀಳಿಕೊಂಡರೆ ಸಂದು ದುರಸ್ತಿ ಬಿಟ್ಟು ಕಲ್ಲನ್ನೇ ಬದಲಿಸಬೇಕಾಗುತ್ತದೆ. ಬಿರುಕು ಬಿಟ್ಟ ಫರಸಿಯ ಮೇಲಂತೂ ಕಾಲಿಡಬೇಡಿ. ಅದು ಗೌಂಡಿಯ ಕೆಲಸ, ನಿಮ್ಮದಲ್ಲ.

ಇನ್ನು ಸುಣ್ಣ. ಸುಟ್ಟ ಸುಣ್ಣದ ಹರಳು ಸಿಕ್ಕರೆ ಒಳ್ಳೆಯದು. ಕಬ್ಬಿಣದ ಡ್ರಮ್ಮಿನಲ್ಲಿ ಮೊದಲು ನೀರು, ಆಮೇಲೆ ಸ್ವಲ್ಪ ಸ್ವಲ್ಪವೇ ಸುಣ್ಣ. ತಿರುಗಾಮುರುಗಾ ಮಾಡಿದರೆ ಸಿಡಿದು ಮುಖಕ್ಕೆ ಬರುತ್ತದೆ. ಕೊತಕೊತ ಕುದಿಯುತ್ತದೆ, ಪ್ಲಾಸ್ಟಿಕ್ ಬಕೆಟ್ ಆದರೆ ಮೆತ್ತಗಾಗಿ ಕುಸಿಯುತ್ತದೆ. ಕಣ್ಣಿಗೆ ಕನ್ನಡಕ, ಕೈಗೆ ರಬ್ಬರ್ ಗವಸು ಇರಲಿ, ಮಕ್ಕಳು ಹತ್ತಿರ ಸುಳಿಯಬಾರದು. ಕಣ್ಣಿಗೆ ಹಾರಿದರೆ ತಕ್ಷಣ ಬಹಳ ಹೊತ್ತು ನೀರು ಹಾಕಿ ತೊಳೆದು ವೈದ್ಯರ ಹತ್ತಿರ ಓಡಬೇಕು, ಊದುತ್ತ ಕೂರುವುದಲ್ಲ. ಆರಿದ ಮೇಲೆ ಸೋಸಿ, ಮೇಲೆ ನಾಲ್ಕು ಬೆರಳು ನೀರು ನಿಲ್ಲಿಸಿ ಮುಚ್ಚಿಡಿ. ಕಡಿಮೆಯೆಂದರೂ ಹದಿನೈದು ದಿನ, ತಿಂಗಳಾದರೆ ಇನ್ನೂ ಚೆನ್ನ. ಬೆರಳ ನಡುವೆ ಹಿಸುಕಿದರೆ ಒಂದು ಕಾಳೂ ಹತ್ತಬಾರದು. ನೆನೆಯದ ಕಾಳು ಉಳಿದರೆ ಸಂದಿಯೊಳಗೆ ಕುಳಿತು ಆಮೇಲೆ ಅರಳಿ ಸಿಡಿಯುತ್ತದೆ. ಹರಳು ಸಿಗದವರು ಅಂಗಡಿಯ ಸುಣ್ಣದ ಪುಡಿಯನ್ನೇ ನೆನೆಹಾಕಿ ಬಳಸಬಹುದು, ನನಗೇನೋ ಅದು ಅಷ್ಟು ಒಪ್ಪುವುದಿಲ್ಲ. ಆದರೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಮಾತ್ರ ಮಾಳಿಗೆ ಹತ್ತಬಾರದು. ನೀರು ತಾಗಿದರೆ ಅದು ಉಳಿಯುವ ವಸ್ತುವಲ್ಲ.

ಅಳತೆ ಕೇಳಬೇಡಿ. ಜರಡಿ ಹಿಡಿದ ಉಸುಕು, ಕುಟ್ಟಿ ಸೋಸಿದ ಇಟ್ಟಿಗೆ ಪುಡಿ, ಎರಡೂ ಸೇರಿ ಸುಣ್ಣದ ಎರಡು ಮೂರು ಪಟ್ಟು ಆಗುತ್ತದೆ, ಉಸುಕು ಎಷ್ಟು ಕುಡಿಯುತ್ತದೋ ನೋಡಿಕೊಂಡು. ಇಟ್ಟಿಗೆ ಪುಡಿಯನ್ನು ಬಿಡಬೇಡಿ. ಬರೀ ಸುಣ್ಣ ಗಾಳಿಯಿಂದ ಮಾತ್ರ ಗಟ್ಟಿಯಾಗುತ್ತದೆ, ಇಟ್ಟಿಗೆ ಪುಡಿ ಸೇರಿದರೆ ಒದ್ದೆಯಲ್ಲೂ ಗಟ್ಟಿಯಾಗುತ್ತದೆ. ಕಲಸುವ ನೀರಿಗೆ ಬೆಲ್ಲ ಕರಗಿಸಿ, ಜಜ್ಜಿದ ಅಳಲೆಕಾಯಿಯನ್ನು ರಾತ್ರಿಯೇ ನೆನೆಸಿ ಸೋಸಿ ಹಾಕುವುದು ಹಳೆಯ ಪದ್ಧತಿ. ಚಹಾದ ಬಣ್ಣ ಬಂದರೆ ಸಾಕು, ಪಾಕ ಮಾಡಲು ಹೋಗಬೇಡಿ, ಇರುವೆಗೆ ಹಬ್ಬ ಮಾಡಿಕೊಟ್ಟಂತಾಗುತ್ತದೆ. ಕಲಸಿದ ಗಚ್ಚನ್ನು ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲಬೇಕು, ಅಂಗೈಗೆ ಅಂಟಬಾರದು. "ಗಟ್ಟಿಯಾಗಲಿ" ಎಂದು ಒಂದು ಬೊಗಸೆ ಸಿಮೆಂಟ್ ಸೇರಿಸುವವರಿದ್ದಾರೆ. ಅವರ ಹತ್ತಿರ ವಾದಿಸುವ ಶಕ್ತಿ ನನಗೆ ಉಳಿದಿಲ್ಲ.

ಈಗ ಮುಖ್ಯ ಮಾತು. ಗಚ್ಚು ತುಂಬುವುದು ಅರ್ಧ ಕೆಲಸ, ತಿಕ್ಕುವುದು ಇನ್ನರ್ಧ. ಇದನ್ನು ನಾನು ಯಾರಿಗೂ ಬಿಟ್ಟುಕೊಡುವುದಿಲ್ಲ. ನಮ್ಮ ಅತ್ತೆಯವರ ಹತ್ತಿರ ಭೀಮೆಯ ದಂಡೆಯಿಂದ ತಂದ ಒಂದು ಗುಂಡುಕಲ್ಲಿತ್ತು. ಕೋಳಿಮೊಟ್ಟೆಗಿಂತ ಸ್ವಲ್ಪ ದೊಡ್ಡದು, ಕಪ್ಪು, ಒಂದು ಬದಿ ತಿಕ್ಕಿ ತಿಕ್ಕಿ ಸಪಾಟಾಗಿತ್ತು. ಮೆಣಸಿನಕಾಯಿ ಕುಟ್ಟಲು ಸೊಸೆಯರು ಅದನ್ನು ಮುಟ್ಟಿದರೆ ಮನೆ ಎದ್ದು ಕೂರುತ್ತಿತ್ತು. ಈಗ ಅದು ನನ್ನ ಪೆಟ್ಟಿಗೆಯಲ್ಲಿದೆ, ನಾನೂ ಯಾರಿಗೂ ಮುಟ್ಟಗೊಡುವುದಿಲ್ಲ.

ಹಿಂದಿನ ರಾತ್ರಿಯೇ ಕೆದರಿದ ಸಂದಿಗೆ ನೀರು ಹಾಕಿ ಬಿಡಿ, ಬೆಳಿಗ್ಗೆ ಮತ್ತೊಮ್ಮೆ. ಒಣ ಕಲ್ಲು ಗಚ್ಚಿನ ನೀರನ್ನೆಲ್ಲ ಹೀರಿಕೊಂಡು ಅದನ್ನು ಹಿಟ್ಟು ಮಾಡಿಬಿಡುತ್ತದೆ. ತೇವ ಇರಬೇಕು, ನೀರು ನಿಂತಿರಬಾರದು. ಸೂರ್ಯ ಏರುವ ಮೊದಲು ಅರ್ಧದವರೆಗೆ ಗಚ್ಚು ತುಂಬಿ, ಚಪ್ಪಟೆ ಕಟ್ಟಿಗೆಯ ತುದಿಯಿಂದ ಒತ್ತಿ ಒತ್ತಿ ಕೂರಿಸಿ, ಗಾಳಿ ಉಳಿಯಬಾರದು. ಮರುದಿನ ಉಳಿದರ್ಧ, ಫರಸಿಯ ಮಟ್ಟಕ್ಕಿಂತ ಒಂದು ನೂಲು ಕೆಳಗೆ. ಆಮೇಲೆ ಕೈ ಕಟ್ಟಿ ಕೂರಬೇಕು. ಇದೇ ಈಗಿನವರಿಗೆ ಆಗದ ಕೆಲಸ. ಹೆಬ್ಬೆರಳಿನಿಂದ ಒತ್ತಿ ನೋಡಿ: ಬೆರಳು ಇಳಿದರೆ ಬೇಗ, ಗೆರೆಗಳ ಅಚ್ಚೂ ಮೂಡದಿದ್ದರೆ ತಡ. ಬೆರಳು ಇಳಿಯದೆ ಅಚ್ಚು ಮಾತ್ರ ಮೂಡುವ ಹೊತ್ತಿಗೆ ಗುಂಡುಕಲ್ಲನ್ನು ಸುಣ್ಣದ ತಿಳಿನೀರಿನಲ್ಲಿ ಅದ್ದಿ, ಸಂದಿನ ಉದ್ದಕ್ಕೂ ಒಂದೇ ದಿಕ್ಕಿಗೆ, ಮೈಭಾರ ಬಿಟ್ಟು ಎಳೆಯಬೇಕು. ಮೊದಮೊದಲು ಕರಕರ ಎನ್ನುತ್ತದೆ. ಉಸುಕು ಒಳಗೆ ಹೋಗಿ ಸುಣ್ಣ ಮೇಲೆ ಬರುತ್ತದೆ, ಮೈಯೆಲ್ಲ ಬೆವರಿದಂತೆ ಸಣ್ಣ ನೀರಹನಿ ಏಳುತ್ತದೆ. ಅಲ್ಲಿಗೆ ನಿಲ್ಲಿಸಿ. ಸಂಜೆ ಇನ್ನೊಂದು ಸಲ, ಮರುದಿನ ಬೆಳಿಗ್ಗೆ ಇನ್ನೊಂದು ಸಲ. ಆ ಹೊತ್ತಿಗೆ ಸದ್ದು ಬದಲಾಗಿರುತ್ತದೆ. ಕರಕರ ಹೋಗಿ ಕಲ್ಲು ಸರ್ರನೆ ಜಾರುತ್ತದೆ, ಓರೆಯಾಗಿ ನೋಡಿದರೆ ಸಂದು ಮಿರುಗುತ್ತದೆ. ಮಿರುಗದಿದ್ದರೆ ಇನ್ನೂ ತಿಕ್ಕಿ. ಅತ್ತೆಯವರು ನೋಡುತ್ತಿರಲಿಲ್ಲ, ಕೆಳಗೆ ಕುಳಿತು ಕಿವಿಗೊಟ್ಟೇ "ಆ ಮೂಲೆಯಲ್ಲಿ ಇನ್ನೂ ಆಗಿಲ್ಲ" ಎನ್ನುತ್ತಿದ್ದರು.

ತಿಕ್ಕಿದ ಮೇಲೆ ಒದ್ದೆ ಗೋಣಿಚೀಲ ಹಾಸಿ, ಎರಡು ವಾರವಾದರೂ ಅದು ಒಣಗದಂತೆ ನೋಡಿಕೊಳ್ಳಬೇಕು. ಅದಕ್ಕೇ ಹೇಳುವುದು, ಈ ಕೆಲಸವನ್ನು ಶಿವರಾತ್ರಿಯಿಂದ, ಹೋಳಿಯ ಬೆನ್ನಿಗೇ ಬರುವ ಶರಣಬಸವೇಶ್ವರರ ಜಾತ್ರೆಯೊಳಗೆ ಮುಗಿಸಿ ಎಂದು. ಮೇ ತಿಂಗಳಲ್ಲಿ ಶುರುಮಾಡಿದರೆ ಗೋಣಿಗೆ ನೀರು ಹೊರುವುದರಲ್ಲೇ ಸೊಂಟ ಹೋಗುತ್ತದೆ.

ಮಾಳಿಗೆಯ ಮಾತು ಬಂದದ್ದಕ್ಕೆ ಇದೊಂದು. ಗಚ್ಚು ಒಣಗುವವರೆಗೆ ಅಲ್ಲಿ ಸಂಡಿಗೆ ಹಾಕಬೇಡಿ, ಸುಣ್ಣದ ಪುಡಿ ಹಾರುತ್ತದೆ. ಹಾಕುವಾಗಲೂ ಪ್ಲಾಸ್ಟಿಕ್ ಹಾಳೆ ಯಾಕೆ? ಅಡಿ ಬೆವರಿ ಬೂಸಲು ಹಿಡಿಯುತ್ತದೆ. ಹಳೆಯ ನೂಲಿನ ಸೀರೆಯನ್ನು ಒದ್ದೆ ಮಾಡಿ ಹಿಂಡಿ ಹಾಸಿ, ಒಣಗಿದ ಮೇಲೆ ಸೀರೆಯ ಹಿಂಬದಿಗೆ ನೀರು ಚಿಮುಕಿಸಿ ಬಿಡಿಸಿ, ಒಂದೂ ಮುರಿಯುವುದಿಲ್ಲ. ನನ್ನ ಸೊಸೆ ಚಾಕು ಹಾಕಿ ಎಬ್ಬಿಸುತ್ತಾಳೆ. ಬಾಯಿಬಿಟ್ಟರೆ ಜಗಳ.

ಗೋಡೆಯ ಬಿರುಕಿನ ಲೆಕ್ಕ ಬೇರೆ. ನಮ್ಮದು ಎರೆಭೂಮಿ, ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವ ಮಣ್ಣು. ಅದರ ಜೊತೆಗೆ ತಳಪಾಯವೂ ಅಲುಗುತ್ತದೆ, ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಏಳುತ್ತದೆ. ಕಂಡ ತಕ್ಷಣ ಪುಟ್ಟಿ ತುಂಬಿ ಬಣ್ಣ ಹೊಡೆಯಬೇಡಿ. ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗೆರೆ ಎಳೆದು ತಾರೀಖು ಬರೆದಿಡಿ. ಒಂದು ಬೇಸಿಗೆ, ಒಂದು ಮಳೆಗಾಲ ನೋಡಿ. ಗೆರೆ ದಾಟದಿದ್ದರೆ ತುಂಬಿ. ದಾಟಿತೋ, ಅಗಲವಾಯಿತೋ, ಬಾಗಿಲು ಹಿಡಿಯತೊಡಗಿತೋ, ತಿಳಿದ ಎಂಜಿನಿಯರರನ್ನು ಕರೆಸಿ. ಗೋಡೆಯ ಬುಡಕ್ಕೆ ಬಚ್ಚಲ ನೀರು ಬಿಡುವವರಿಗೆ ಎಂಜಿನಿಯರರೂ ಏನೂ ಮಾಡಲಾರರು.

ನೆಲದ ಫರಸಿ ಮಾಸಿದೆ ಎಂದು ಶೌಚಾಲಯ ತೊಳೆಯುವ ಆಸಿಡ್ ಸುರಿಯುವ ಜಾಣರನ್ನೂ ಕಂಡಿದ್ದೇನೆ. ಬುಸ್ಸೆಂದು ನೊರೆ ಬಂದರೆ ಕೊಳೆ ಹೋಗುತ್ತಿದೆ ಎಂದುಕೊಳ್ಳುತ್ತಾರೆ. ಹೋಗುತ್ತಿರುವುದು ಕಲ್ಲು. ನಿಂಬೆರಸ, ವಿನಿಗರ್ ಕೂಡ ಅದನ್ನು ತಿನ್ನುತ್ತವೆ, ಹೊಳಪು ಒಮ್ಮೆ ಸತ್ತರೆ ಯಂತ್ರ ತರಿಸಿ ಪಾಲಿಶ್ ಮಾಡಿಸಬೇಕು. ಬೆಚ್ಚನೆಯ ನೀರು, ಸ್ವಲ್ಪ ಸೋಪು, ತೆಂಗಿನ ನಾರು, ಆಮೇಲೆ ಒಣ ಬಟ್ಟೆ. ಇಷ್ಟೇ.

ಕರೆಂಟಿನ ಕೆಲಸವನ್ನು ನಾನು ಹೇಳುವುದಿಲ್ಲ, ನೀವೂ ಮಾಡಬೇಡಿ. ಮಾಳಿಗೆ ಸೋರಿ ಸ್ವಿಚ್ಚಿನ ಹತ್ತಿರ ಗೋಡೆ ಒದ್ದೆಯಾದರೆ, ಒಣ ಕಾಲಿನಲ್ಲಿ ಹೋಗಿ ಮೇನ್ ಸ್ವಿಚ್ ಆರಿಸಿ ಬಲ್ಲವರನ್ನು ಕರೆಯಿರಿ. ಮೇನ್ ಸ್ವಿಚ್ಚೇ ಒದ್ದೆಯಾಗಿದ್ದರೆ ಅದನ್ನೂ ಮುಟ್ಟಬೇಡಿ, ವಿದ್ಯುತ್ ಇಲಾಖೆಯವರಿಗೆ ತಿಳಿಸಿ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಹರಿದಾಗ ಮಳೆ ನಿಲ್ಲುವ ಮೊದಲೇ ಏಣಿ ಹಾಕಿ ತಾಡಪತ್ರಿ ಹೊದಿಸಲು ಹೋದವರಿದ್ದರು. ಒದ್ದೆ ಫರಸಿ ಎಷ್ಟು ಜಾರುತ್ತದೆ ಎಂಬುದು ಬಿದ್ದವರಿಗೆ ಗೊತ್ತು. ಏಣಿ ನಾಲ್ಕಡಿ ಎತ್ತರಕ್ಕೆ ಒಂದಡಿಯಷ್ಟು ಗೋಡೆಯಿಂದ ದೂರ ನಿಲ್ಲಬೇಕು, ಕೆಳಗೆ ಒಬ್ಬರು ಹಿಡಿದಿರಬೇಕು. ಹಿಡಿದವರು ಮೊಬೈಲ್ ನೋಡಬಾರದು.

ಉಳಿದ ಸುಣ್ಣವನ್ನು ಚೆಲ್ಲಬೇಡಿ. ಮಣ್ಣಿನ ಗಡಿಗೆಗೆ ಹಾಕಿ, ಮೇಲೆ ನೀರು ನಿಲ್ಲಿಸಿ, ಮುಚ್ಚಳ ಬಿಗಿಯಾಗಿ ಹಾಕಿ ನೆರಳಿನಲ್ಲಿಡಿ. ಗಾಳಿ ಸೋಕದಿದ್ದರೆ ಮುಂದಿನ ವರ್ಷಕ್ಕೆ ಇನ್ನೂ ನುಣುಪಾಗುತ್ತದೆ. ಪಕ್ಕದ ಮನೆಯ ಹುಡುಗ ಕೇಳಿಕೊಂಡು ಬಂದರೆ ಕೊಡಿ, ಆದರೆ ಮೊದಲು ಅವನ ಮಾಳಿಗೆಗೆ ಹೋಗಿ ಸಂದು ಕೆದರಿದ್ದಾನೋ ಇಲ್ಲವೋ ನೋಡಿಕೊಂಡು ಬಂದು ಕೊಡಿ.