ಮಡಗಾಂವ್‌ನಿಂದ ಗೋಕರ್ಣಕ್ಕೆ ಬಸ್ಸು: ಎಲ್ಲಿ ಇಳಿಯಬೇಕು?

ಗೋವಾದಲ್ಲಿರುವ ನಮ್ಮ ಕನ್ನಡಿಗರು ಗೋಕರ್ಣಕ್ಕೆ ಹೊರಟಾಗ ಎಡವುವುದು ಬಸ್ಸು ಹತ್ತುವಲ್ಲಲ್ಲ, ಇಳಿಯುವಲ್ಲಿ.

ಮೊದಲು ಮಡಗಾಂವ್ ಕದಂಬ (ಗೋವಾ ಸರ್ಕಾರಿ ಸಾರಿಗೆ) ನಿಲ್ದಾಣದಲ್ಲಿ ಬೆಳಗಿನ ಕಾರವಾರ ಬಸ್ಸು ಹಿಡಿಯಿರಿ. ದಾರಿ ಸುಮಾರು 70 ಕಿ.ಮೀ. ಕಾಣಕೋಣಕ್ಕೆ ಮುಂಚೆ ಕರ್ಮಲ್ ಘಾಟ್ ಇದೆ. ವಾಂತಿಯ ಮಾತ್ರೆಯನ್ನು ಹೊರಡುವ ಅರ್ಧ ಗಂಟೆ ಮೊದಲೇ ನುಂಗಿ. ತಿರುವು ಶುರುವಾದ ಮೇಲೆ ನುಂಗಿದರೆ ಅದೂ ಹೊರಗೆ ಬರುತ್ತದೆ. ಚೀಲದಲ್ಲಿ ಮದ್ಯದ ಬಾಟಲಿ ಬೇಡವೇ ಬೇಡ: ಗಡಿಯ ಮಾಜಾಳಿಯ ತಪಾಸಣೆಯಲ್ಲಿ ಒಬ್ಬನ ಫೆನಿಗೆ ಇಡೀ ಬಸ್ಸು ಕಾಯಬೇಕಾಗುತ್ತದೆ.

ಕಾರವಾರದಲ್ಲಿ ತಾಳ್ಮೆ ಬೇಕು. ಕುಮಟಾ, ಭಟ್ಕಳ, ಮಂಗಳೂರು ಫಲಕದ ಬಸ್ಸುಗಳು ಹೆದ್ದಾರಿ 66ರಲ್ಲಿ ನೆಟ್ಟಗೆ ಹೋಗುತ್ತವೆ, ಗೋಕರ್ಣದೊಳಗೆ ಬರುವುದಿಲ್ಲ. ಊರು ಇರುವುದು ಮಾದನಗೇರಿ ಕ್ರಾಸಿನಿಂದ ಸುಮಾರು 10 ಕಿ.ಮೀ. ಒಳಗೆ, ಕಡಲ ಕಡೆಗೆ. ‘ಗೋಕರ್ಣ’ ಎಂದೇ ಫಲಕವಿದ್ದರೆ ಹತ್ತಿ. ಇಲ್ಲವಾದರೆ ಅದಕ್ಕಾಗಿ ಕಾಯುತ್ತ ಕೂರದೆ ಅಂಕೋಲಾಕ್ಕೆ ಹೋಗಿ, ಅಲ್ಲಿನ ನಿಲ್ದಾಣದೊಳಗೇ ಬಸ್ಸು ಬದಲಿಸಿ. ಮಾದನಗೇರಿಯಲ್ಲಿ ಇಳಿದರಾಯಿತು ಎನ್ನುವವರ ಮಾತು ಕೇಳಬೇಡಿ: ಬಸ್ಸುಗಳು ಅಲ್ಲಿಗೆ ಬರುವಷ್ಟರಲ್ಲಿ ತುಂಬಿರುತ್ತವೆ, ಆಟೋದವರು ಹೇಳಿದ್ದೇ ಬಾಡಿಗೆ. ನಿದ್ದೆಯಲ್ಲಿ ಕುಮಟಾ ತಲುಪಿದರೆ 30 ಕಿ.ಮೀ. ವಾಪಸು.

ಕಾರವಾರದಲ್ಲಿ ಬದಲಿಸುವುದರಿಂದ ಒಂದು ಲಾಭವೂ ಇದೆ. ಗೋವಾದಿಂದ ಬರುವ ಅಂತರರಾಜ್ಯ ಬಸ್ಸಿಗೆ ಶಕ್ತಿ ಯೋಜನೆ ಅನ್ವಯಿಸದು. ಕಾರವಾರದಿಂದ ಮುಂದಕ್ಕೆ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸಿನಲ್ಲಿ, ಕರ್ನಾಟಕದ ವಿಳಾಸದ ಗುರುತಿನ ಚೀಟಿಯಿರುವ ಹೆಂಗಸರಿಗೆ ಪ್ರಯಾಣ ಉಚಿತ. ಶೂನ್ಯ ಟಿಕೆಟನ್ನು ಮಾತ್ರ ಕೇಳಿ ಪಡೆಯಲೇಬೇಕು. ಆಧಾರ್ ವಿಳಾಸವನ್ನು ಗೋವಾದ ವಾಸ್ಕೋಗೆ ಬದಲಿಸಿಕೊಂಡವರು ದುಡ್ಡು ಕೊಡಬೇಕು.

ರಾತ್ರಿಯ ಖಾಸಗಿ ಸ್ಲೀಪರ್ ಸುಖವೆನಿಸೀತು. ಆದರೆ ‘ಗೋಕರ್ಣ’ ಎಂದು ಟಿಕೆಟ್ ಮಾರಿ ಕತ್ತಲಲ್ಲಿ ಹೆದ್ದಾರಿಯ ಕ್ರಾಸಿನಲ್ಲಿ ಇಳಿಸುವುದುಂಟು. ಇಳಿಸುವ ಜಾಗ ಯಾವುದೆಂದು ಓದದೆ ದುಡ್ಡು ಕಟ್ಟಬೇಡಿ. ಮಕ್ಕಳು, ಮುದುಕರು ಜೊತೆಗಿದ್ದರೆ ಹಗಲಿನ ಬಸ್ಸೇ ಸರಿ. ರೈಲಿನ ‘ಗೋಕರ್ಣ ರೋಡ್’ ನಿಲ್ದಾಣವೂ ಊರಿನಿಂದ ದೂರವೇ.

ಗೋಕರ್ಣ ನಿಲ್ದಾಣದಿಂದ ದೇವಸ್ಥಾನಕ್ಕೆ ನಡೆದೇ ಹೋಗಿ. ಸಮುದ್ರಸ್ನಾನ, ಆಮೇಲೆ ಮಹಾಗಣಪತಿ, ಕೊನೆಗೆ ಮಹಾಬಲೇಶ್ವರ. ಪ್ಯಾಂಟು, ಅಂಗಿಗೆ ಒಳಗೆ ಪ್ರವೇಶವಿಲ್ಲ. ಗಂಡಸರ ಪಂಚೆ ಚೀಲದ ತಳದಲ್ಲಿರದೆ ಮೇಲೆಯೇ ಇರಲಿ. ಮಧ್ಯಾಹ್ನ ದರ್ಶನ ನಿಲ್ಲುತ್ತದೆ, ಅದಕ್ಕೇ ಬೆಳಗಿನ ಬಸ್ಸು.

ನಿಲ್ದಾಣ ಬಿಡುವ ಮೊದಲು ಕಾರವಾರದ ವಾಪಸು ಬಸ್ಸಿನ ಹೊತ್ತನ್ನು ಕಂಟ್ರೋಲರ್ ಹತ್ತಿರ ಕೇಳಿ ಬರೆದುಕೊಳ್ಳಿ.