ಬಾಣೆ ಅಳೆಯುವ ಕೆಲಸ: ಲೈಸೆನ್ಸ್ ಸರ್ವೇಯರ್ ಆಗಿ ನನ್ನ ಅನುಭವ

"ಅಣ್ಣಾ, ಲೈಸೆನ್ಸ್ ಸರ್ವೇಯರ್ ಅಂದ್ರೆ ಸರ್ಕಾರಿ ಕೆಲಸನಾ?" ಕೊಡಗಿನ ವಿರಾಜಪೇಟೆ ಕಡೆ ಪಿಯುಸಿ ಸೈನ್ಸ್ ಮುಗಿಸಿದ ಹುಡುಗರು ಆಗಾಗ ಕೇಳುತ್ತಾರೆ. ಸಂಬಳದ ಕೆಲಸ ಅಲ್ಲ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 18ಎ ಕಲಮಿನ ಕೆಳಗೆ ಜಮೀನು ಅಳೆದು ನಕ್ಷೆ ಮಾಡಲು ನಮಗೆ ಪರವಾನಗಿ ಸಿಗುತ್ತದೆ. ಅರ್ಜಿ ಕರೆಯುವುದು, ಪರೀಕ್ಷೆ, ತರಬೇತಿ ಎಲ್ಲ ಭೂಮಾಪನ ಇಲಾಖೆಯದ್ದೇ. ಲೆಕ್ಕದಲ್ಲಿ ಗಟ್ಟಿ ಇರಬೇಕು. ನಿಯಮ ಮೀರಿದರೆ ಪರವಾನಗಿ ಹೋಗುತ್ತದೆ.

ದುಡ್ಡು ಬರುವುದು ಫೈಲ್ ಲೆಕ್ಕದಲ್ಲಿ. ಅರ್ಜಿದಾರರು ಶುಲ್ಕವನ್ನು ಅರ್ಜಿಯ ಜೊತೆಗೇ ಇಲಾಖೆಗೆ ಕಟ್ಟಿರುತ್ತಾರೆ. ಫೈಲ್ ಮುಗಿದ ಮೇಲೆ ನಮ್ಮ ಪಾಲು ಅಲ್ಲಿಂದ ಬರುತ್ತದೆ. ಹಾಗಾಗಿ ತೋಟದಲ್ಲಿ ಯಾರಾದರೂ ಕೈಗೆ ಹಣ ಕೊಡಲು ಬಂದರೆ ನಾನು ತೆಗೆದುಕೊಳ್ಳುವುದಿಲ್ಲ. ಒಬ್ಬರ ಕೈಯಿಂದ ತೆಗೆದುಕೊಂಡರೆ ಪಕ್ಕದ ತೋಟದವರು ನನ್ನ ಅಳತೆಯನ್ನು ಯಾಕೆ ನಂಬಬೇಕು?

ನನಗೆ ಬರುವುದು ಹೆಚ್ಚಾಗಿ 11ಇ ನಕ್ಷೆಯ ಫೈಲುಗಳು. ಸರ್ವೆ ನಂಬರಿನ ಒಂದು ಭಾಗವನ್ನಷ್ಟೇ ಮಾರುವಾಗ, ಪಾಲು ಮಾಡುವಾಗ ನೋಂದಣಿಗೆ ಮುಂಚೆ ಈ ನಕ್ಷೆ ಬೇಕು. ಫೈಲ್ ಇಲಾಖೆಯ ಮೋಜಿಣಿ ತಂತ್ರಾಂಶದಲ್ಲಿ ನಮಗೆ ಹಂಚಿಕೆಯಾಗುತ್ತದೆ. ನಾನು ಮೊದಲು ಕೂರುವುದು ಹಳೆ ದಾಖಲೆಗಳ ಮುಂದೆ: ಟಿಪ್ಪಣಿ (ಹಳೆ ಸರ್ವೆಯ ಅಳತೆಯ ಚಿತ್ರ), ಆಕಾರ್‌ಬಂದ್ (ಸರ್ವೆ ನಂಬರಿನ ವಿಸ್ತೀರ್ಣ, ಕಂದಾಯದ ಪಟ್ಟಿ), ಪಹಣಿ. ಮೂರರಲ್ಲೂ ವಿಸ್ತೀರ್ಣ ತಾಳೆ ಆಗದಿದ್ದರೆ ಜಾಗಕ್ಕೆ ಹೋಗಿ ಅಳೆದು ಏನು ಪ್ರಯೋಜನ?

ಕೊಡಗಿನ ಪಹಣಿ ಓದುವುದೇ ಒಂದು ವಿದ್ಯೆ. ಬಾಣೆ ಅಂದರೆ ಗದ್ದೆಗೆ ಸೇರಿದ ಗುಡ್ಡದ ಜಮೀನು, ಜಮ್ಮಾ ಅಂದರೆ ವಂಶಪಾರಂಪರ್ಯವಾಗಿ ಬಂದದ್ದು. ಜಮ್ಮಾ ಬಾಣೆಯಾದರೆ ಪಟ್ಟೇದಾರರ (ಮನೆತನದ ಹಿರಿಯರ) ಹೆಸರಿನ ಜೊತೆ ಇಡೀ ಒಕ್ಕದ, ಅಂದರೆ ಮನೆತನದ, ಹಕ್ಕು ಇರುತ್ತದೆ. ಅನುಭವದಲ್ಲಿ ಅಣ್ಣ ತಮ್ಮಂದಿರು ಬೇರೆ ಬೇರೆ ತೋಟ ಮಾಡಿಕೊಂಡಿರುತ್ತಾರೆ, ಕಾಗದದಲ್ಲಿ ಮಾತ್ರ ಒಂದೇ ತುಂಡು. "ನನ್ನ ಪಾಲನ್ನಷ್ಟು ಅಳೆದು ಕೊಡಿ, ಸಾಕು" ಅನ್ನುತ್ತಾರೆ. ಅಳೆಯಬಹುದು. ಆದರೆ ಆ ಪಾಲು ಯಾರದು ಅಂತ ತೀರ್ಮಾನಿಸುವ ಅಧಿಕಾರ ನನ್ನ ಪರವಾನಗಿಗೆ ಇಲ್ಲ. ಇದನ್ನು ಮೊದಲೇ, ಎಲ್ಲರ ಮುಂದೆ ಹೇಳಿಬಿಡುತ್ತೇನೆ.

ಜಾಸ್ತಿ ತಕರಾರು ಬರುವುದು ಇಳಿಜಾರಿನ ವಿಷಯದಲ್ಲಿ. ದಾಖಲೆಯಲ್ಲಿರುವ ಏಕರೆ, ಸೆಂಟು ಎಲ್ಲ ಸಮತಟ್ಟಿನ ಲೆಕ್ಕ. ತೋಟದವರು ಕಾಫಿ ಗಿಡಗಳ ನಡುವೆ ಟೇಪನ್ನು ನೆಲದ ಮೇಲೇ ಎಳೆದು 100 ಅಡಿ ಅನ್ನುತ್ತಾರೆ. ಗುಡ್ಡ 20 ಡಿಗ್ರಿ ಇಳಿಜಾರಿದ್ದರೆ ಅದು ನಕ್ಷೆಯಲ್ಲಿ ಸುಮಾರು 94 ಅಡಿ. ಜಾಗ ಯಾರೂ ಕದ್ದಿಲ್ಲ, ಅಳೆದ ರೀತಿ ಬೇರೆ ಅಷ್ಟೇ. ದೂರ, ಕೋನ ಎರಡನ್ನೂ ಅಳೆಯುವ ಟೋಟಲ್ ಸ್ಟೇಷನ್ ಯಂತ್ರ ಈ ಲೆಕ್ಕವನ್ನು ತಾನೇ ಮಾಡುತ್ತದೆ. ಆದರೂ ನಾನು ಒಂದು ಕಡೆ ಟೇಪನ್ನು ಮಟ್ಟವಾಗಿ ಹಿಡಿದು, ತೂಗುಗುಂಡು ಬಿಟ್ಟು, ಮೆಟ್ಟಿಲು ಮೆಟ್ಟಿಲಾಗಿ ಇಳಿದು ತೋರಿಸುತ್ತೇನೆ. ಕಣ್ಣಾರೆ ನೋಡಿದರೆ ಜನ ಒಪ್ಪುತ್ತಾರೆ.

ಸಿಲ್ವರ್ ಓಕ್ ನೆರಳಿನಲ್ಲಿ ಉಪಗ್ರಹದ ಸಿಗ್ನಲ್ ಸರಿಯಾಗಿ ಸಿಗುವುದಿಲ್ಲ. ಅದಕ್ಕೆ ಕೆಳಗಿನ ಗದ್ದೆಯ ಬಯಲಿನಲ್ಲಿ ಬಿಂದು ಹಿಡಿದು, ಅಲ್ಲಿಂದ ಮೇಲೆ ಬಾಣೆಗೆ ಹೋಗುವುದು ನನ್ನ ಕ್ರಮ. ಗಡಿಗೆ ನೆಟ್ಟ ಹಳೆ ಬಾಂದು ಕಲ್ಲು ಒಂದಾದರೂ ಸಿಗುವ ತನಕ ಗೆರೆ ಎಳೆಯುವುದಿಲ್ಲ. ಬೇಲಿಯನ್ನು ನಂಬುವುದಿಲ್ಲ. ಬೇಲಿ ಸರಿಯುತ್ತದೆ, ನೀರಿನ ತೋಡು ಕೂಡ ದಿಕ್ಕು ಬದಲಿಸುತ್ತದೆ.

ಅಕ್ಕಪಕ್ಕದವರಿಗೆ ನೋಟಿಸ್ ಕೊಡುವುದನ್ನು ಸುಮ್ನೆ ಶಾಸ್ತ್ರಕ್ಕೆ ಅಂತ ಮಾಡಬಾರದು. ಅವರು ಬಂದು ನೋಡಬೇಕು, ತಕರಾರಿದ್ದರೆ ಹೇಳಬೇಕು. ಅದನ್ನು ಅವರ ಮಾತಿನಲ್ಲೇ ಬರೆದುಕೊಳ್ಳುತ್ತೇನೆ. ಆಮೇಲೆ ನಕ್ಷೆ ಮೇಲ್ವಿಚಾರಕರ ತಪಾಸಣೆಗೆ ಹೋಗುತ್ತದೆ, ಕಚೇರಿಯ ಅನುಮೋದನೆ ಆಗಬೇಕು. ಫೈಲ್ ವಾಪಸ್ ಬಂದರೆ ಹೊಸಬರು ಬೇಜಾರು ಮಾಡಿಕೊಳ್ಳುತ್ತಾರೆ. ನನಗಂತೂ ಈ ಎರಡನೇ ಕಣ್ಣು ಬೇಕು. ನನ್ನ ಒಂದು ಸಹಿಯ ಮೇಲೆ ಯಾರದೋ ತೋಟ ನಿಂತಿರುತ್ತದೆ ಅಲ್ವಾ?

ಅಳತೆ ಮಾಡಿಸುವವರಿದ್ದರೆ ಮಳೆಗಾಲ ಕಳೆದ ಮೇಲೆ ಗಡಿಯ ಸಾಲಿನ ಕಾಡು ಸವರಿಸಿ ಇಡಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಮಂಜು, ಮಳೆಯಲ್ಲಿ ಯಂತ್ರದ ಗುರಿಗೆ ಎದುರು ಹಿಡಿದ ಪ್ರಿಸಮ್ಮೇ ಕಾಣುವುದಿಲ್ಲ.