ಸಿಂಗಾಪುರಕ್ಕೆ ಹೊಸದಾಗಿ ಬಂದ ನಮ್ಮ ಕುಟುಂಬಗಳಿಗೆ

ಬನ್ನಿ, ಸಿಂಗಾಪುರಕ್ಕೆ ಸ್ವಾಗತ. ಇಲ್ಲಿ ಊರೇ ದೇಶ. ಒಟ್ಟು ಸುಮಾರು 735 ಚದರ ಕಿಲೋಮೀಟರ್, ಹೆಚ್ಚುಕಡಿಮೆ ನಮ್ಮ ಬೆಂಗಳೂರಿನಷ್ಟೇ. ಮನೆ ಹುಡುಕುವಾಗ ದೂರ ಅಂತ ಹೆದರಬೇಡಿ. ಎಂಆರ್‌ಟಿ, ಅಂದರೆ ಇಲ್ಲಿನ ಮೆಟ್ರೊ ರೈಲಿನ ನಿಲ್ದಾಣ ನಡೆಯುವಷ್ಟು ಹತ್ತಿರ ಇದ್ದರೆ ಸಾಕು. ಹೆಚ್ಚಿನ ಜನ ಇರುವುದು ಸರ್ಕಾರ ಕಟ್ಟಿಸಿದ ಎಚ್‌ಡಿಬಿ ಫ್ಲ್ಯಾಟ್‌ಗಳಲ್ಲಿ. ಅಲ್ಲಿ ಬಾಡಿಗೆ ಕರಾರು ಕನಿಷ್ಠ 6 ತಿಂಗಳದ್ದು. ಕೆಲವು ಬ್ಲಾಕ್‌ಗಳಲ್ಲಿ ವಿದೇಶಿಯರ ಕೋಟಾ ಮುಗಿದಿರುತ್ತದೆ. ಅಡ್ವಾನ್ಸ್ ಕೊಡುವ ಮೊದಲೇ ಕೇಳಿಕೊಳ್ಳಿ.

ಸಮಭಾಜಕ ವೃತ್ತ ಇಲ್ಲಿಂದ 140 ಕಿಲೋಮೀಟರ್ ಕೂಡ ಇಲ್ಲ. ಚಳಿಗಾಲ ಎಂಬುದೇ ಇಲ್ಲ. ವರ್ಷವಿಡೀ ಬೆಳಗಾಗುವುದು ಏಳರ ಹೊತ್ತಿಗೆ, ಕತ್ತಲಾಗುವುದೂ ಏಳರ ಹೊತ್ತಿಗೆ. ಮಳೆ ಯಾವಾಗ ಬೇಕಾದರೂ ಬರಬಹುದು, ನವೆಂಬರ್‌ನಿಂದ ಜನವರಿವರೆಗೆ ಜಾಸ್ತಿ. ಈ ತೇವಕ್ಕೆ ಹಪ್ಪಳ ಮೆತ್ತಗಾಗುತ್ತದೆ, ಬೀರುವಿನಲ್ಲಿಟ್ಟ ರೇಷ್ಮೆ ಸೀರೆಗೆ ಬೂಷ್ಟು ಹಿಡಿಯುತ್ತದೆ. ಸೀರೆಗಳನ್ನು ಆಗಾಗ ತೆಗೆದು ಗಾಳಿಗೆ ಹಾಕಿ. ತುಳಸಿ ಕುಂಡದ ಕೆಳಗಿನ ತಟ್ಟೆಯಲ್ಲಿ ನೀರು ನಿಲ್ಲದಂತೆ ನೋಡಿಕೊಳ್ಳಿ. ಡೆಂಗಿ ಸೊಳ್ಳೆಯ ಮರಿ ಇದೆಯೇ ಎಂದು ನೋಡಲು ಅಧಿಕಾರಿಗಳು ಮನೆಗೇ ಬರುತ್ತಾರೆ, ಸಿಕ್ಕರೆ ದಂಡ. ನಲ್ಲಿ ನೀರನ್ನು ಮಾತ್ರ ಧೈರ್ಯವಾಗಿ ಕುಡಿಯಿರಿ.

ಎಲ್ಲರೂ ನಮ್ಮನ್ನು ಜಾಸ್ತಿ ಕೇಳುವುದು ಶಾಲೆಯ ಬಗ್ಗೆ. ದೇಶದ ಅಧಿಕೃತ ಭಾಷೆಗಳು ನಾಲ್ಕು: ಮಲಯ್, ಚೀನಿ, ತಮಿಳು, ಇಂಗ್ಲಿಷ್. ಸರ್ಕಾರಿ ಶಾಲೆಯಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲಿ, ಜೊತೆಗೆ ಒಂದು ಮಾತೃಭಾಷೆ. ಆ ಪಟ್ಟಿಯಲ್ಲಿ ತಮಿಳಲ್ಲದೆ ಹಿಂದಿ, ಬಂಗಾಳಿ, ಗುಜರಾತಿ, ಪಂಜಾಬಿ, ಉರ್ದು ಇವೆ. ಕನ್ನಡ ಇಲ್ಲ. ನಮ್ಮ ಮಕ್ಕಳು ಸಾಮಾನ್ಯವಾಗಿ ಹಿಂದಿಯನ್ನೋ ತಮಿಳನ್ನೋ ತೆಗೆದುಕೊಳ್ಳುತ್ತಾರೆ. ನಡುವೆ ಬದಲಾಯಿಸುವುದು ಮಗುವಿಗೆ ಕಷ್ಟ, ಆದ್ದರಿಂದ ಸೇರಿಸುವಾಗಲೇ ಕೂತು ಯೋಚಿಸಿ. ಕನ್ನಡ ಅಕ್ಷರ ಕಲಿಸುವ ಕೆಲಸ ನಿಮ್ಮದೇ. ಒಂದನೇ ತರಗತಿಯ ಹೊರೆ ಶುರುವಾಗುವ ಮೊದಲೇ ಅ ಆ ಇ ಈ ತಿದ್ದಿಸಿಬಿಡಿ. ಆಮೇಲೆ ಪುರುಸೊತ್ತೇ ಸಿಗುವುದಿಲ್ಲ, ನಾವು ಕಂಡಿದ್ದೇವೆ.

ಸೊಪ್ಪು, ಕರಿಬೇವು, ಪೂಜೆಯ ಹೂವು ಎಲ್ಲ ಲಿಟ್ಲ್ ಇಂಡಿಯಾದ ಟೆಕ್ಕಾ ಮಾರುಕಟ್ಟೆ ಸುತ್ತ ಸಿಗುತ್ತವೆ. ಪೊಲೀಸರಿಗೆ 999, ಆಂಬುಲೆನ್ಸ್ ಮತ್ತು ಅಗ್ನಿಶಾಮಕಕ್ಕೆ 995. ಈ ಎರಡನ್ನೂ ಫ್ರಿಜ್ ಮೇಲೆ ಬರೆದು ಅಂಟಿಸಿ.

ಇನ್ನೊಂದು ಮಾತು. ಊರಿಂದ ಬರುವ ಅಪ್ಪ ಅಮ್ಮನಿಗೆ ಗಸಗಸೆ ತರಬೇಡಿ ಎಂದು ಮೊದಲೇ ಹೇಳಿ. ಅದರಲ್ಲಿ ಮಾರ್ಫಿನ್ ಅಂಶ ಇರಬಹುದು ಎಂಬ ಕಾರಣಕ್ಕೆ ಇಲ್ಲಿನ ಮಾದಕ ವಸ್ತು ಕಾನೂನು ಅದನ್ನು ಬಲು ಕಟ್ಟುನಿಟ್ಟಾಗಿ ನೋಡುತ್ತದೆ. ಮೊಮ್ಮಕ್ಕಳಿಗೆ ಪಾಯಸ ಮಾಡೋಣ ಅಂತ ಪ್ರೀತಿಯಿಂದ ಕಟ್ಟಿಕೊಂಡ ಪೊಟ್ಟಣ, ವಿಮಾನ ನಿಲ್ದಾಣದಲ್ಲಿ ಅವರನ್ನು ಸುಮ್ನೆ ತೊಂದರೆಗೆ ಸಿಕ್ಕಿಸಬಾರದು ಅಲ್ವಾ. ಅಕ್ಕಿ ಪಾಯಸ, ಹೆಸರುಬೇಳೆ ಪಾಯಸಕ್ಕೆ ಬೇಕಾದದ್ದೆಲ್ಲ ಇಲ್ಲೇ ಸಿಗುತ್ತದೆ.